ಮೌಂಟಿಂಗ್ ಕೆಳಗಿನ ಸೈಕಲ್ ಟ್ಯೂಬು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಗ್ಯಾರೇಜಿನ ಯಜಮಾನರು ಬದುಕಿರುವವರೆಗೆ ಬೇಡ ಅಂದುಕೊಂಡೆ. ಅವರು ಹೋದರು. ಆ ಕಾರಿನ ಒಡೆಯರಾದ ಡಾಕ್ಟರು ಇರುವಾಗ ಬೇಡ ಅಂದುಕೊಂಡೆ. ಅವರೂ ಹೋದರು. ಅದಕ್ಕೂ ಮೊದಲು ಮಗಳ ಮದುವೆ ಮುಗಿಯಲಿ ಅಂದುಕೊಂಡಿದ್ದೆ. ಅದು ಮುಗಿದು ಹದಿನೈದು ವರ್ಷವಾಯಿತು. ಹೇಳದೆ ಇರಲು ಪ್ರತಿ ಸಲವೂ ನನಗೊಂದು ಮರ್ಯಾದಸ್ಥ ಕಾರಣ ಸಿಕ್ಕಿದೆ. ಈಗ ಎಪ್ಪತ್ತಮೂರು ದಾಟಿದೆ, ಕಾರಣಗಳು ಮುಗಿದಿವೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಪೆನ್ನು ಹಿಡಿದದ್ದಕ್ಕಿಂತ ಸ್ಪ್ಯಾನರ್ ಹಿಡಿದದ್ದೇ ಹೆಚ್ಚು. ಆದರೂ ಬಾಯಲ್ಲಿ ಹೇಳಲು ಆಗದ್ದು ಕೈಯಲ್ಲಿ ಆದೀತು ಎಂದು ಕೂತಿದ್ದೇನೆ.

ಸಾಗರದ ಒಂದು ಗ್ಯಾರೇಜಿನಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಜೊತೆಗೆ ಇನ್ನೊಬ್ಬನಿದ್ದ. ಅರಳಸುರಳಿಯವನು, ನನಗಿಂತ ಎರಡು ವರ್ಷ ದೊಡ್ಡವನು. ಮೊದಲು ಹೋಗೋ ಬಾರೋ ಎನ್ನುವ ಸ್ನೇಹಿತರು. ಅವನ ತಂಗಿಯನ್ನು ನಾನು ಮದುವೆಯಾದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಭಾವ ಆದೆವು. ಮದುವೆಯ ಮರುದಿನವೇ ಅವನು ನನಗೆ 'ನೀವು' ಅಂದಾಗ ನಾನು ನಕ್ಕಿದ್ದೆ.

"ಎಂಥ ಮಾರಾಯ, ನಿನ್ನೆವರೆಗೂ ಹೋಗೋ ಅಂತಿದ್ದವ್ನು?"

"ನಿನ್ನೆವರೆಗೂ ತಂಗಿ ಕೊಟ್ಟಿರ್ಲಿಲ್ಲ. ಈಗ ಬಾಯಿ ತೊಳ್ಕಂಡೇ ಮಾತಾಡ್ಬೇಕು," ಅಂದಿದ್ದ.

ಇಂಜಿನ್ ಕೆಲಸದಲ್ಲಿ ಅವನ ಸಮಕ್ಕೆ ನಿಲ್ಲುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ಕಡೆಯೂ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್‌ಗೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿ ನಿಂತರೆ ಯಾವ ಬೇರಿಂಗ್ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಅವನಿಗೆ ಎರಡು ಅಭ್ಯಾಸ. ಒಂದು, ಇಂಜಿನ್ ಒಳಗಿನ ಪ್ರತಿ ಬೋಲ್ಟನ್ನೂ ಕೊನೆಯ ಬಿಗಿ ಕೊಟ್ಟ ಮೇಲೆ ಅದರ ತಲೆಗೆ ಪಂಚಿಟ್ಟು ಸುತ್ತಿಗೆಯಿಂದ ಸಣ್ಣದೊಂದು ಚುಕ್ಕಿ ಹೊಡೆಯುವುದು. ಚುಕ್ಕಿ ಇದ್ದರೆ ಬಿಗಿಯಾಗಿದೆ ಎಂದು ಲೆಕ್ಕ. "ಬೋಲ್ಟಿಗೂ ಕುಂಕುಮ ಇಡ್ತೀರಾ ಭಾವ?" ಎಂದು ನಾವು ಗೇಲಿ ಮಾಡಿದರೆ, "ಹೌದು, ನನ್ನ ಇಂಜಿನ್ ಮುತ್ತೈದೆಯಾಗೇ ಇರ್ಲಿ," ಅನ್ನುತ್ತಿದ್ದ. ಇನ್ನೊಂದು, ಜೋಡಿಸಿದ ಇಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ ಚಾಲೂ ಮಾಡಿ, ಅದರ ನೆತ್ತಿಯ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಡುವುದು. ನೀರು ತುಳುಕದೆ ನಿಂತರೆ ಮಾತ್ರ ಇಂಜಿನ್ ಗ್ಯಾರೇಜಿನಿಂದ ಹೊರಗೆ ಹೋಗುತ್ತಿತ್ತು.

ಮೂವತ್ತೆರಡು ವರ್ಷದ ಹಿಂದೆ ತೀರ್ಥಹಳ್ಳಿಯ ಒಬ್ಬ ಡಾಕ್ಟರು ಒಂದು ಕಾರು ತಂದರು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ನೆಲಕ್ಕೆ ತಾಗಿಕೊಂಡಂತೆ ಕೂತಿದ್ದ ಹಸಿರು ಬಣ್ಣದ ಹೊರದೇಶದ ರೇಸಿನ ಕಾರು. ಆಗಲೇ ಹಳೆಯದಾಗಿತ್ತು. ಊರಿನವರು ಅದನ್ನು ನೋಡಲೆಂದೇ ಗ್ಯಾರೇಜಿಗೆ ಬರುತ್ತಿದ್ದರು. ಇಂಜಿನ್ ಪೂರ್ತಿ ಬಿಚ್ಚಿ ಮಾಡುವ ಕೆಲಸ ಭಾವನದು. ಆದ ಇಂಜಿನ್ನನ್ನು ಕಾರಿಗೆ ಕೂರಿಸುವ ಕೆಲಸ ನನ್ನದು. ಇಂಜಿನ್ ನೇರವಾಗಿ ಕಬ್ಬಿಣದ ಮೇಲೆ ಕೂರುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ದಪ್ಪ ರಬ್ಬರಿನ ತುಂಡು ಇರುತ್ತದೆ, ಮೌಂಟಿಂಗ್ ಅನ್ನುತ್ತಾರೆ. ಇಂಜಿನ್ನಿನ ನಡುಕವನ್ನೆಲ್ಲ ನುಂಗಿಕೊಳ್ಳುವುದು ಅದೇ. ಡಾಕ್ಟರ ಕಾರಿನ ಮೌಂಟಿಂಗ್ ಎರಡೂ ಎಣ್ಣೆ ಕುಡಿದು ಬಿರುಕು ಬಿಟ್ಟಿದ್ದವು. ಅವರು ಹೊರದೇಶದಲ್ಲಿದ್ದ ನೆಂಟರಿಗೆ ಬರೆದು, ಹೊಸ ಜೋಡಿಯೊಂದನ್ನು ತರಿಸಿ, ಪೆಟ್ಟಿಗೆ ಸಮೇತ ನನ್ನ ಕೈಗೆ ಕೊಟ್ಟರು. "ಇದು ಹೋದ್ರೆ ಇನ್ನೊಂದು ಸಿಗಲ್ಲ, ಜೋಪಾನ," ಅಂದರು.

ಆಯುಧಪೂಜೆಯ ಹಿಂದಿನ ದಿನ ಗ್ಯಾರೇಜಿನಲ್ಲಿ ಎಲ್ಲವನ್ನೂ ತೊಳೆಯುವುದು ಪದ್ಧತಿ. ಸ್ಪ್ಯಾನರು, ಜಾಕು, ಬಿಚ್ಚಿಟ್ಟ ಬೋಲ್ಟುಗಳು, ಎಲ್ಲ. ಹೊಸ ಮೌಂಟಿಂಗ್ ಮೇಲೆ ಬಿಳೀ ಪುಡಿ ಮೆತ್ತಿತ್ತು. ಪೂಜೆಗೆ ಇದೂ ಚಂದ ಕಾಣಲಿ ಎಂದು ನಾನು ಅವನ್ನೂ ಬೋಲ್ಟುಗಳ ಜೊತೆ ಡೀಸೆಲ್ ತಟ್ಟೆಗೆ ಹಾಕಿದೆ. ರಬ್ಬರನ್ನು ಡೀಸೆಲಿನಲ್ಲಿ ನೆನೆಯಲು ಬಿಡಬಾರದು ಎಂದು ಗೊತ್ತಿಲ್ಲದವನಲ್ಲ; ಎರಡು ನಿಮಿಷ ಅದ್ದಿ ತೆಗೆಯುವ ಅಂದಾಜು. ಅಷ್ಟರಲ್ಲಿ ಹೂವು ತರಲು ಯಾರೋ ಕರೆದರು. ಮರುದಿನ ತಟ್ಟೆ ಸಮೇತ ಎಲ್ಲವನ್ನೂ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಆಯಿತು. ಆರತಿಯ ಹೊತ್ತಿಗೆ ನನಗೆ ನೆನಪಾಯಿತು. ಆದರೆ ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆದು ಯಜಮಾನರು ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಬೇಕಾದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ನಾನು ಕೈಮುಗಿದು ನಿಂತೇ ಇದ್ದೆ.

ದಶಮಿ ಕಳೆದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತಟ್ಟೆ ನೋಡಿದೆ. ಎರಡೂ ಮೌಂಟಿಂಗ್ ಚಹಾದಲ್ಲಿ ಅದ್ದಿದ ಬನ್ನಿನ ಹಾಗೆ ಊದಿಕೊಂಡಿದ್ದವು. ಬೆರಳಲ್ಲಿ ಒತ್ತಿದರೆ ರಬ್ಬರು ಕಬ್ಬಿಣದ ಪಟ್ಟಿಯಿಂದ ಬಿಟ್ಟು ಬರುತ್ತಿತ್ತು. ಅವನ್ನು ಗ್ಯಾರೇಜಿನ ಹಿಂದೆ ಸುಟ್ಟೆಣ್ಣೆ ಚೆಲ್ಲುವ ಗುಂಡಿಯಲ್ಲಿ ಹುಗಿದೆ. ಹಳೇ ಮೌಂಟಿಂಗನ್ನೇ ತೊಳೆದು, ಬಿರುಕಿನೊಳಗೆ ಸೈಕಲ್ ಟ್ಯೂಬಿನ ಪಟ್ಟಿ ಮಡಿಚಿ ತುರುಕಿ, ಸುತ್ತ ಬಿಗಿಯಾಗಿ ಸುತ್ತಿ, ಮೇಲೆ ಕಪ್ಪು ಬಣ್ಣ ಬಳಿದು ಕೂರಿಸಿದೆ. ಹೊಸದರ ಖಾಲಿ ಪೆಟ್ಟಿಗೆಯನ್ನು ಮಾತ್ರ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬೆಂಚಿನ ಮೇಲೆ ಬಿಟ್ಟೆ.

ಸ್ಟ್ಯಾಂಡಿನ ಮೇಲೆ ಭಾವನ ಲೋಟದ ನೀರು ಅಲ್ಲಾಡದೆ ನಿಂತಿದ್ದ ಇಂಜಿನ್, ಕಾರಿಗೆ ಕೂತ ಮೇಲೆ ಚಳಿಜ್ವರ ಬಂದಂತೆ ನಡುಗಿತು. ಡಾಕ್ಟರ ಮುಖ ಕಪ್ಪಾಯಿತು.

"ಇದೇನ್ರೀ ಇದು? ಮೊದಲೇ ವಾಸಿ ಇತ್ತಲ್ಲ."

ಭಾವ ನನ್ನ ಕಡೆ ತಿರುಗಿ, "ಮೌಂಟಿಂಗ್ ಹೊಸದೇ ಹಾಕಿದ್ರಲ್ಲಾ?" ಎಂದು ಕೇಳಿದ.

"ಪೆಟ್ಟಿಗೆ ಅಲ್ಲೇ ಇದೆ, ಕಣ್ಣಿಲ್ವಾ?" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. "ಒಳಗಿನ ಕೆಲಸ ನಾನು ಮಾಡಿದ್ದಲ್ಲ ಸರ್. ನಾನು ಬರೀ ಕೂರಿಸಿದ್ದು. ರಾಡಿನ ಬೋಲ್ಟು ಹಾಕೋ ದಿನ ಭಾವಂಗೆ ಜ್ವರ ಬೇರೆ ಇತ್ತು," ಎಂದುಬಿಟ್ಟೆ.

ರಾಡು ಅಂದರೆ ಇಂಜಿನ್ನೊಳಗೆ ಪಿಸ್ಟನ್ ಹಿಡಿದಿರುವ ಸರಳು; ಅದರ ಬೋಲ್ಟು ಸಡಿಲವಾದರೂ ಇಂಜಿನ್ ಅದುರುತ್ತದೆ. ಜ್ವರ ಇದ್ದದ್ದು ನಿಜ. ನನ್ನ ಸುಳ್ಳಿಗೆ ಕಾಲು ಕೊಟ್ಟದ್ದು ಆ ಒಂದು ನಿಜ.

ಡಾಕ್ಟರು ಹಾಗೇ ಕಾರು ಹತ್ತಿ ಊರಿಗೆ ಹೊರಟರು. ಹೊಸನಗರ ದಾಟಿ ನಗರ ಎಂಬ ಊರಿನ ಕಡೆ ಏನೋ ಕೆಲಸವಿತ್ತಂತೆ, ಆ ದಾರಿ ಹಿಡಿದಿದ್ದಾರೆ. ಏರಿನಲ್ಲಿ ಇಂಜಿನ್ ಎದ್ದು ಅದರ ಫ್ಯಾನು ರೇಡಿಯೇಟರನ್ನು ಕೊರೆದುಹಾಕಿತು. ನೀರೆಲ್ಲ ಸೋರಿ, ಹೊಗೆ ಎದ್ದು, ಕಾರು ನಡುದಾರಿಯಲ್ಲಿ ನಿಂತಿತು. ಲಾರಿಗೆ ಹಗ್ಗ ಕಟ್ಟಿ ತೀರ್ಥಹಳ್ಳಿಗೆ ಎಳೆಸಿಕೊಂಡು ಹೋದರು. ಭಾವ ಎರಡು ಸಲ ಅಲ್ಲಿಗೆ ಹೋಗಿ, "ಒಂದ್ಸಲ ಬಿಚ್ಚಿ ನೋಡ್ತೀನಿ ಸರ್," ಎಂದು ಬೇಡಿಕೊಂಡ. ಅವರು ಕಾರಿನ ಹತ್ತಿರವೂ ಬಿಡಲಿಲ್ಲ. ಟಾರ್ಪಾಲು ಹೊದಿಸಿ ಶೆಡ್ಡಿಗೆ ಬೀಗ ಹಾಕಿದರು.

ಗ್ಯಾರೇಜಿನ ಹೆಸರು ಹೋಯಿತು ಎಂದು ಯಜಮಾನರು ಹಾರಾಡಿದರು. ನಾನು ಒಂದು ಹೇಳಿದರೆ ಭಾವ ಇನ್ನೊಂದು ಹೇಳುತ್ತಾನೆ. ನಮ್ಮ ಕಡೆ ಇಂಥದ್ದು ಬಗೆಹರಿಯದಿದ್ದರೆ ಉಳಿಯುವುದು ಒಂದೇ ದಾರಿ. "ಇಬ್ರೂ ಸಿಗಂದೂರಿಗೆ ಬನ್ನಿ. ದೇವಿ ಮುಂದೆ ಆಣೆ ಮಾಡಿ. ಯಾರ ಕೆಲಸ ಸರಿ ಅಂತ ಅಲ್ಲೇ ತೀರ್ಮಾನ ಆಗ್ಲಿ," ಅಂದರು ಯಜಮಾನರು. ಡಾಕ್ಟರೂ ಬರುತ್ತೇನೆಂದರು. ನನ್ನ ಹೆಂಡತಿಯೂ ಹೊರಟಳು. ಅಣ್ಣ ಆಣೆ ಮಾಡಿಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದು ಅವಳ ನಂಬಿಕೆ. ತೆಂಗಿನಕಾಯಿ, ಹೂವು ಚೀಲದಲ್ಲಿಟ್ಟುಕೊಂಡಿದ್ದಳು.

ಈಗ ಅಲ್ಲಿಗೆ ಸೇತುವೆ ಆಗಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆ ದಡ ಸಿಗುತ್ತದೆ. ಆಗ ಲಾಂಚು. ಹಿನ್ನೀರಿನ ನಡುವೆ ಲಾಂಚು ಹೋಗುತ್ತಿದ್ದಾಗ ನಾನು ಎಲ್ಲರಿಗೂ ಬೆನ್ನು ಹಾಕಿ ಕಂಬಿ ಹಿಡಿದು ನಿಂತಿದ್ದೆ. ದೇವಿಯ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲ. ಆ ದಡ ಮುಟ್ಟುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಇಳಿಯುತ್ತಲೇ ಯಜಮಾನರಿಗೆ ಹೇಳಿದೆ, "ದೂರು ಇರೋದು ಭಾವನ ಕೆಲಸದ ಮೇಲೆ. ಮೊದ್ಲು ಅವ್ರು ಮಾಡ್ಲಿ. ಅವ್ರು ಮಾಡಿದ್ರೆ ನಾನೂ ಮಾಡ್ತೀನಿ." ಅವರು ಸರಿಯೆಂದರು.

ಭಾವ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ನಿಂತ. ಯಜಮಾನರು, "ನಾನು ಹಾಕಿದ ಬೋಲ್ಟೆಲ್ಲ ಬಿಗಿಯಾಗಿತ್ತು ಅಂತ ಹೇಳು, ಅಷ್ಟು ಸಾಕು," ಅಂದರು. ಭಾವ ಕೈಮುಗಿದು ದೇವಿಯನ್ನು ನೋಡಿದ. ಆಮೇಲೆ ಹಿಂದಕ್ಕೆ ಸರಿದ.

"ಬಿಗಿ ಮಾಡಿದೀನಿ ಅಂತ ನಂಬ್ಕೆ ಇದೆ. ಆದ್ರೆ ನಾಲ್ಕನೇ ರಾಡಿನ ಹೊತ್ತಿಗೆ ನಂಗೆ ಜ್ವರ ಏರಿತ್ತು. ಅದ್ಕೆ ಕೊನೇ ಬಿಗಿ ಕೊಟ್ನಾ ಇಲ್ವಾ, ನೆನಪಾಗ್ತಾ ಇಲ್ಲ. ನಂಬ್ಕೆ ಇರೋದನ್ನ ಗೊತ್ತು ಅಂತ ಇಲ್ಲಿ ನಿಂತ್ಕಂಡು ಹೆಂಗೆ ಹೇಳ್ಲಿ?"

"ಅಣ್ಣ, ಒಂದ್ ಮಾತು ಹೇಳು ಸಾಕು," ಎಂದು ನನ್ನ ಹೆಂಡತಿ ಅಳುತ್ತಾ ಅವನ ಕೈ ಹಿಡಿದುಕೊಂಡಳು. "ಹೇಳು, ಮನೆಗೆ ಹೋಗಣ."

ಅವನು ತಲೆಯಾಡಿಸಿದ. ಆಣೆ ಮಾಡದೆ ಮೆಟ್ಟಿಲಿಳಿದು ಹೋದ. ಡಾಕ್ಟರು, "ಅಲ್ಲಿಗೆ ಗೊತ್ತಾಯ್ತಲ್ಲ," ಅಂದರು. ನನಗೆ ಆಣೆ ಮಾಡುವ ಸರದಿಯೇ ಬರಲಿಲ್ಲ. ನನ್ನ ಹೆಂಡತಿ ತಂದ ಕಾಯಿಯನ್ನು ನಾನೇ ಒಡೆಸಿ, ಪ್ರಸಾದ ತಿಂದೆ. ಆ ಕಾಯಿಯ ಚೂರು ಸಿಹಿಯಾಗಿತ್ತು. ಮರೆತಿಲ್ಲ.

ಆಣೆ ಮಾಡದೆ ತಿರುಗಿ ಬಂದವನು ಎಂಬ ಮಾತು ಅವನಿಗಿಂತ ಮೊದಲು ಊರು ತಲುಪಿತು. ಯಜಮಾನರು ಕೆಲಸ ಬಿಡಿಸಿದರು. ಹೊಸನಗರದ ಒಂದು ಗ್ಯಾರೇಜಿಗೆ ಸೇರಿದ, ಕೆಲವೇ ತಿಂಗಳು. ತೀರ್ಥಹಳ್ಳಿಯಲ್ಲಂತೂ ಡಾಕ್ಟರ ಮಾತಿಗೆ ಎದುರು ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಅರಳಸುರಳಿಯ ಮನೆಯಂಗಳದಲ್ಲೇ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಮಶೀನು, ಕಳೆ ಕೊಚ್ಚುವ ಮಶೀನು ರಿಪೇರಿ ಮಾಡಿಕೊಂಡು ಉಳಿದ. ಮತ್ತೆ ಒಂದು ಕಾರಿನ ಇಂಜಿನ್ ಅವನ ಕೈಗೆ ಬರಲಿಲ್ಲ.

ನನ್ನ ಹೆಂಡತಿ ಅಣ್ಣನ ಮನೆಯಲ್ಲಿ ಊಟ ಬಿಟ್ಟಳು. "ಆಣೆಗೆ ಬಾಯಿ ಬರದವ್ನ ಮನೆ ಅನ್ನ ನಂಗೆ ಬೇಡ. ನಿಮ್ಮ ಮರ್ಯಾದಿ ಕಳ್ಯಕ್ಕೆ ನೋಡಿದ್ನಲ್ಲ," ಎಂದಳು. ನನ್ನ ಮರ್ಯಾದೆಯಂತೆ. ಅವಳ ತಾಯಿ, ನನ್ನ ಅತ್ತೆ, ತೀರಿಕೊಂಡಾಗ ಹೋದವಳು ಹೊರಗಿನ ಜಗಲಿಯಲ್ಲೇ ಕೂತು, ನೀರೂ ಮುಟ್ಟದೆ, ಸಂಜೆ ಬಸ್ಸಿಗೆ ವಾಪಸು ಬಂದಳು. ನಾನು ಒಳಗೆ ಹೋಗಿ ಭಾವನ ಪಕ್ಕ ಕೂತು ಊಟ ಮಾಡಿದೆ. ಬಡಿಸಿದವನು ಅವನೇ. "ಸಾರು ಹಾಕ್ಲಾ ಭಾವ?" ಎಂದು ಕೇಳಿದ್ದ.

ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಬೇಕಲ್ಲ. ಅವನು ಪ್ರತಿವರ್ಷ ಸೀರೆ, ಬಳೆ, ಅಕ್ಕಿ, ಬೆಲ್ಲ, ಕಾಯಿ ಕಟ್ಟಿ ಬಸ್ಸಿನ ಕಂಡಕ್ಟರ ಕೈಲಿ ಕಳಿಸುತ್ತಾನೆ. ಇವಳು ಗಂಟು ಬಿಚ್ಚದೆ ಅದೇ ಬಸ್ಸಿಗೆ ವಾಪಸು ಕಳಿಸುತ್ತಾಳೆ. ಬಸ್‌ಸ್ಟ್ಯಾಂಡಿನಿಂದ ತರುವವನೂ ನಾನೇ, ತಿರುಗಿ ಕೊಟ್ಟು ಬರುವವನೂ ನಾನೇ. ಮೊದಮೊದಲು ಕಂಡಕ್ಟರು, "ಇದೆಂಥ ಅಣ್ಣ, ಬಂದಿದ್ದು ಬಂದಂಗೇ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಡಾಕ್ಟರು ತೀರಿಕೊಂಡರು. ಅವರ ಹೆಂಡತಿ ಹೇಳಿ ಕಳಿಸಿದರು. ಶೆಡ್ಡಿನ ಬೀಗ ತೆಗೆದು, "ನೀವೇ ಅಲ್ವಾ ಇದಕ್ಕೆ ಕೆಲಸ ಮಾಡಿದ್ದು? ನೀವೇ ತಗೊಂಡು ಹೋಗಿ. ನನ್ನ ಕಣ್ಣ ಮುಂದೆ ಇದು ಬೇಡ," ಎಂದರು. ಟಾರ್ಪಾಲಿನ ಕೆಳಗೆ ಅದೇ ಹಸಿರು ಕಾರು. ಬೇಡವೆನ್ನಬೇಕಿತ್ತು. ತಂದು ಮನೆಯ ಪಕ್ಕದ ಸೋಗೆ ಹೊದಿಸಿದ ಮಾಡಿನ ಕೆಳಗೆ ನಿಲ್ಲಿಸಿದೆ.

ರೇಡಿಯೇಟರು ತೂತಾಗಿದ್ದದ್ದು ಬಿಟ್ಟರೆ ಮೇಲಿನ ಹೆಡ್ಡಿನ ಗ್ಯಾಸ್ಕೆಟ್ ಸುಟ್ಟಿತ್ತು, ಅಷ್ಟೆ. ಎರಡನ್ನೂ ಸರಿಮಾಡಿ, ಒಳಗೂ ನೋಡಿಬಿಡೋಣವೆಂದು ಒಂದು ಮಧ್ಯಾಹ್ನ ಕಾರಿನಡಿ ಮಲಗಿ ಕೆಳಗಿನ ಎಣ್ಣೆ ತೊಟ್ಟಿ ಇಳಿಸಿದೆ. ಟಾರ್ಚ್ ಬಿಟ್ಟು ನೋಡಿದರೆ ಸಾಲಾಗಿ ರಾಡಿನ ಬೋಲ್ಟುಗಳು. ಒಂದೊಂದರ ತಲೆಯ ಮೇಲೂ ಒಂದೊಂದು ಚುಕ್ಕಿ. ನಾಲ್ಕನೇ ರಾಡಿನ ಎರಡು ಬೋಲ್ಟಿಗೂ ಚುಕ್ಕಿ ಇತ್ತು. ಜ್ವರದಲ್ಲಿ ಹೊಡೆದದ್ದಕ್ಕೋ ಏನೋ, ಒಂದು ಸ್ವಲ್ಪ ಓರೆಯಾಗಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ. ಇಷ್ಟು ವರ್ಷ ಇದೊಂದು ಗೊತ್ತಿಲ್ಲದೆ ಒಬ್ಬ ಮನುಷ್ಯ ತನ್ನ ಕೈಯನ್ನೇ ನಂಬದೆ ಕೂತಿದ್ದಾನೆ. ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ನಾನು ತೊಟ್ಟಿಯನ್ನು ಮತ್ತೆ ಹಾಕಿ ಬಿಗಿ ಮಾಡಿ, ಕೈ ತೊಳೆದು, ಊಟಕ್ಕೆ ಹೋದೆ.

ಇಂಜಿನ್ ಚಾಲೂ ಆಯಿತು. ಮೊದಲಿನ ಹಾಗೆಯೇ ನಡುಗಿತು. ಮೌಂಟಿಂಗ್ ಸಿಗುವುದಿಲ್ಲ ಎಂದು ನೆಪ ಹೇಳಿಕೊಂಡು ಏರು ದಾರಿ ಬಿಟ್ಟು, ನಿಧಾನಕ್ಕೆ, ಎಂಟು ವರ್ಷ ಹಾಗೇ ಓಡಿಸಿದೆ. ಪೇಟೆಗೆ ಹೋಗುವಾಗ ಹೆಂಡತಿಯನ್ನು ಕೂರಿಸಿಕೊಂಡರೆ ಅವಳ ಕನ್ನಡಕ ಮೂಗಿನಿಂದ ಜಾರುತ್ತಿತ್ತು.

"ಹಲ್ಲೆಲ್ಲ ಉದುರ್ತವೆ ಮಾರಾಯ್ರೆ. ಇದು ರಿಪೇರಿ ಆಗದೇ ಇಲ್ವಾ?"

"ಒಳಗಿನ ಕೆಲಸ ಕೆಟ್ಟಿದ್ದು. ಈಗೇನೂ ಮಾಡಕ್ಕಾಗಲ್ಲ."

"ಅಣ್ಣ ಮಾಡಿಟ್ಟ ಪುಣ್ಯ," ಎನ್ನುತ್ತಿದ್ದಳು. ನಾನು ಗೇರು ಬದಲಿಸುತ್ತಿದ್ದೆ.

ಶಿವಮೊಗ್ಗದಲ್ಲಿ ಟೀಚರ್ ಆಗಿರುವ ಮಗಳು ಕಳೆದ ಬೇಸಿಗೆಯಲ್ಲಿ ಬಂದಾಗ ಈ ಕಾರಿನಲ್ಲಿ ಒಂದು ಸುತ್ತು ಹೋಗಿ, ಇಳಿದವಳೇ ಫೋನಿನಲ್ಲಿ ಏನೇನೋ ಹುಡುಕಿದಳು. "ಅಪ್ಪ, ಇದಕ್ಕೆ ಇಂಜಿನ್ ಮೌಂಟ್ ಸಿಗುತ್ತೆ. ನಡುಕಕ್ಕೆ ಅದೇ ಕಾರಣ ಅಂತ ಬರೆದಿದಾರೆ," ಎಂದಳು. ನಾನು ಬೇಡ ಎನ್ನುವಷ್ಟರಲ್ಲಿ ಆರ್ಡರ್ ಹಾಕಿ ಆಗಿತ್ತು. ಅವಳು ವಾಪಸು ಹೋಗಿ ಒಂದು ತಿಂಗಳಿಗೆ ಪೆಟ್ಟಿಗೆ ಬಂತು. ತೆರೆದರೆ ಬಿಳೀ ಪುಡಿ ಮೆತ್ತಿದ ಎರಡು ರಬ್ಬರು. ಅದೇ ವಾಸನೆ.

ಎರಡು ವಾರ ಅದನ್ನು ಕಪಾಟಿನ ಮೇಲಿಟ್ಟೆ. ಮಗಳು ದಿನಾ ಫೋನಿನಲ್ಲಿ ಕೇಳಿದಳು. ಹೆಂಡತಿಯೇ ಒಂದು ಬೆಳಿಗ್ಗೆ, "ಬನ್ನಿ, ನಾನು ಟಾರ್ಚ್ ಹಿಡ್ಕಳ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು.

ಮುಂದಿನ ಚಕ್ರ ಎತ್ತಿ ಮರದ ದಿಮ್ಮಿ ಕೊಟ್ಟೆ. ಬ್ಯಾಟರಿ ವಯರು ತೆಗೆದೆ. ಇಂಜಿನ್ ಕೆಳಗಿನ ತೊಟ್ಟಿಗೆ ಹಲಗೆ ತುಂಡು ಇಟ್ಟು, ಅದರ ಕೆಳಗೆ ಜಾಕು ಕೊಟ್ಟು, ಇಂಜಿನ್ನಿನ ಭಾರ ಜಾಕಿನ ಮೇಲೆ ಬರುವಷ್ಟು ಮಾತ್ರ ಏರಿಸಿದೆ. ಮೌಂಟಿಂಗ್ ನಟ್ಟುಗಳು ತುಕ್ಕು ಹಿಡಿದಿದ್ದವು. ಎಣ್ಣೆ ಬಿಟ್ಟು, ಕಾದು, ಉದ್ದನೆಯ ಪೈಪು ಸಿಕ್ಕಿಸಿ ಎಳೆದಾಗ ಕಿರ್ರೆಂದು ಬಿಟ್ಟವು. "ಈಗ ಜಾಕು ಒತ್ತು. ನಿಧಾನ. ಫ್ಯಾನು ರೇಡಿಯೇಟರಿಗೆ ತಾಗತ್ತಾ ನೋಡ್ತಿರು," ಎಂದೆ. ಇಂಜಿನ್ ಎರಡು ಬೆರಳಷ್ಟು ಮೇಲೆದ್ದಿತು. ಎಡಗಡೆಯ ಮೌಂಟಿಂಗ್ ಎರಡು ಹೋಳಾಗಿಯೇ ಕೈಗೆ ಬಂತು. ರಬ್ಬರು ಹಳೇ ಬೆಲ್ಲದಂತೆ ಅಂಟುತ್ತಿತ್ತು. ಅದರೊಳಗಿಂದ ಮಡಿಚಿದ ಪಟ್ಟಿಯೊಂದು ಜಾರಿ ಇವಳ ಕಾಲ ಹತ್ತಿರ ಬಿತ್ತು.

ಇವಳು ಎತ್ತಿ ನೋಡಿದಳು. "ಇದೆಂಥದ್ರೀ? ಸೈಕಲ್ ಟ್ಯೂಬು! ಇದನ್ನ ಯಾರು ಹಾಕಿದ್ದು ಇದ್ರೊಳಗೆ?"

ನಾನು ಕಾರಿನಡಿ ಇದ್ದೆ. ನನಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು.

"ಯಾರೋ ಹಾಕಿರ್ಬೇಕು."

"ಯಾರೋ ಅಂದ್ರೆ? ಡಾಕ್ಟರು ಇದನ್ನ ಯಾರ್ಗೂ ಮುಟ್ಟಕ್ಕೇ ಬಿಟ್ಟಿರ್ಲಿಲ್ವಲ್ಲ." ಮಡಿಚಿದ ಪಟ್ಟಿಯನ್ನು ಬಿಡಿಸಿದ ಸದ್ದು ಕೇಳಿತು. ಆಮೇಲೆ ಅವಳೇ ಅಂದಳು, "ಅಣ್ಣನೇ ಇರ್ಬೇಕು. ಹೌದನಾ?"

ಮೂವತ್ತೆರಡು ವರ್ಷ ಕಾದಿದ್ದ ಮಾತು ಅದು. ನಾನು ಹೋಗಿ ಹುಡುಕಬೇಕಾಗಿರಲಿಲ್ಲ, ಅವಳೇ ತಂದು ನನ್ನ ಮುಂದೆ ಇಟ್ಟಿದ್ದಳು. ಅಲ್ಲ, ನಾನು ಎಂದರೆ ಮುಗಿಯುತ್ತಿತ್ತು. ಅವಳ ಮುಖವನ್ನು ನೋಡಿಕೊಂಡು ಹೇಳಬೇಕಾಗಿಯೂ ಇರಲಿಲ್ಲ.

"ಹೂಂ," ಅಂದೆ.

ಅಂದದ್ದು ಅಷ್ಟೇ. ಮೊದಲ ಸಲ ಸುಳ್ಳು ಹೇಳಿದಾಗ ಕೆಲಸ ಹೋಗುವ ಹೆದರಿಕೆಯಾದರೂ ಇತ್ತು. ಈ ಸಲ ಎಂಥ ಹೆದರಿಕೆ? ನನ್ನ ಕೆಲಸ ತೆಗೆಯುವವರು ಯಾರೂ ಬದುಕಿಲ್ಲ.

ಉಳಿದ ಕೆಲಸವನ್ನು ಕೈಗಳು ತಾವಾಗಿಯೇ ಮಾಡಿದವು. ಹೊಸ ಮೌಂಟಿಂಗ್ ಎರಡೂ ಕೂರಿಸಿ, ಸಬ್ಬಲಿನಿಂದ ಇಂಜಿನ್ನನ್ನು ಕೂದಲೆಳೆಯಷ್ಟು ಆಚೆ ತಳ್ಳಿ ಬೋಲ್ಟು ಹೊಂದಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಬಿಟ್ಟೆ. ಜಾಕು ಇಳಿಸಿ, ಇಂಜಿನ್ನಿನ ಪೂರ್ತಿ ಭಾರ ರಬ್ಬರಿನ ಮೇಲೆ ಬಂದ ನಂತರವೇ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ಹಾಗೇ ಮಾಡಿದೆ. ಮೂವತ್ತೆರಡು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸ ಅದು. ಎರಡು ಗಂಟೆಯದ್ದು.

ಕೀಲಿ ತಿರುಗಿಸಿದೆ. ಇಂಜಿನ್ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಬಾಗಿಲಿನ ಗಾಜು ಗಲಗಲ ಎನ್ನಲಿಲ್ಲ. ಇವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಸ್ಟೀಲ್ ಲೋಟ ಇತ್ತು. ಇಂಜಿನ್ನಿನ ಮೇಲೆ ಇಟ್ಟಳು. ನೀರು ನಿಂತಿತ್ತು. ಮೇಲೆ ಸಣ್ಣ ಸಣ್ಣ ಗೆರೆ ಎದ್ದದ್ದು ಬಿಟ್ಟರೆ ಒಂದು ಹನಿ ತುಳುಕಲಿಲ್ಲ.

"ಅಣ್ಣ ಹಿಂಗೇ ಇಡ್ತಿದ್ದ," ಅಂದಳು. ಆ ಒಂದು ಮಾತಿನಲ್ಲಿ ಹಳೇ ದನಿ ಇತ್ತು. ಮರುಗಳಿಗೆಯಲ್ಲಿ ಕೈಯಲ್ಲಿದ್ದ ಟ್ಯೂಬಿನ ಚೂರನ್ನು ನೋಡಿದಳು. "ಇಷ್ಟೆಲ್ಲ ಬಲ್ಲವ್ನು ಹೊಸ ರಬ್ಬರು ಎತ್ತಿಟ್ಕಂಡು ಇದನ್ನ ತುರ್ಕಿದ್ನಲ್ಲ. ಇದಕ್ಕೇ ಅವತ್ತು ದೇವಿ ಎದ್ರಿಗೆ ಬಾಯಿ ಬಂದಿಲ್ಲ." ಟ್ಯೂಬನ್ನು ಒಲೆಗೆ ಹಾಕಿ ಬಂದಳು.

ಅವನ ಮೇಲಿನ ಒಂದೇ ಆರೋಪವನ್ನು ತೆಗೆಯಬೇಕಾಗಿದ್ದ ಕೆಲಸ, ನನ್ನ ಕೈಯಲ್ಲಿ, ಎರಡನೆಯದನ್ನು ಹೊರಿಸಿತು.

ಮರುವಾರ ನಾನು ಶಿವಮೊಗ್ಗಕ್ಕೆ ಹೋಗುತ್ತೇನೆಂದು ಹೇಳಿ ಅರಳಸುರಳಿಗೆ ಹೋದೆ. ಭಾವ ಅಂಗಳದಲ್ಲಿ ಕೂತು ಕಳೆ ಕೊಚ್ಚುವ ಮಶೀನಿನ ಕಾರ್ಬರೇಟರ್ ತೊಳೆಯುತ್ತಿದ್ದ. ಕೂದಲೆಲ್ಲ ಹೋಗಿದೆ. ಎದ್ದು ನಿಂತು, "ಬಂದ್ರಾ? ಕೂತ್ಕಳಿ," ಎಂದು ಕೈ ಒರೆಸಿಕೊಂಡ. ನಾನು ಕೂರಲಿಲ್ಲ. ಡೀಸೆಲ್ ತಟ್ಟೆ, ಗುಂಡಿ, ಸೈಕಲ್ ಟ್ಯೂಬು, ಖಾಲಿ ಪೆಟ್ಟಿಗೆ ಎಲ್ಲ ಹೇಳಿದೆ. ತಪ್ಪಾಯ್ತು ಭಾವ, ಎಂದು ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಮೌಂಟಿಂಗ್ ವಿಷ್ಯ ನಂಗೆ ಅವತ್ತೇ ಗೊತ್ತಿತ್ತು. ಫ್ಯಾನು ಸುಮ್‌ಸುಮ್ನೆ ರೇಡಿಯೇಟರಿಗೆ ಹೊಡ್ಯತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನನ್ನ ಬೋಲ್ಟಿಗೆ ನಂಗೇ ಗ್ಯಾರಂಟಿ ಇರ್ಲಿಲ್ಲ. ನಿಮ್ಮ ಮೇಲೆ ಬೆಟ್ಟು ಮಾಡಿ, ಆಮೇಲೆ ಬಿಚ್ಚಿ ನೋಡ್ದಾಗ ತಪ್ಪು ನಂದೂ ಇದ್ರೆ?"

"ಚುಕ್ಕಿ ಇತ್ತು ಭಾವ. ಎಲ್ಲಾ ಬೋಲ್ಟಿಗೂ."

ಅವನ ಕೈಯಲ್ಲಿದ್ದ ಬ್ರಶ್ಶು ನಿಂತಿತು. "ನಾಲ್ಕನೇ ರಾಡಿಗೂ?"

"ನಾಲ್ಕನೇದಕ್ಕೂ. ಒಂದು ಸ್ವಲ್ಪ ಓರೆ ಬಿದ್ದಿದೆ."

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಣ್ಣಗೆ ನಗುವುದಕ್ಕೆ ಹೋದ, ಆಗಲಿಲ್ಲ, ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಕೇಳಿದ.

"ಯಾವಾಗ ನೋಡಿದ್ರಿ ಇದನ್ನ?"

ಇಲ್ಲಿಯೂ ಸುಳ್ಳು ಹೇಳಬಹುದಿತ್ತು. ಮೊನ್ನೆ ಎನ್ನಬಹುದಿತ್ತು. "ಎಂಟು ವರ್ಷ ಆಯ್ತು," ಎಂದೆ.

"ಎಂಟು ವರ್ಷ," ಅಂದ. ಮತ್ತೆ ಕೂತು ಕಾರ್ಬರೇಟರ್ ಎತ್ತಿಕೊಂಡ. ತಂಗಿ ಹೇಗಿದ್ದಾಳೆ ಎಂದು ಕೇಳಿದ. ಅವಳಿಗೆ ಹೇಳಿಲ್ಲ ಎಂದು ನಾನೇ ಹೇಳಿದೆ. ಟ್ಯೂಬಿನ ವಿಷಯದಲ್ಲಿ ಅವಳು ಏನಂದಳು, ನಾನು ಏನಂದೆ, ಅದನ್ನೂ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ನಂಗೆ ಗೊತ್ತಿರೋದನ್ನ ನಂಗೇ ಹೇಳಿ ತಪ್ಪಾಯ್ತು ಅನ್ನಕ್ಕೆ ಅಷ್ಟ್ ದೂರದಿಂದ ಬಂದ್ರಾ ಭಾವ? ಗೊತ್ತಿಲ್ದವ್ರಿಗೆ ಹೇಳಿ. ಅವತ್ತು ದೇವಿ ಎದ್ರಿಗೆ ಯಾರ್ಯಾರು ಇದ್ರೋ ಅವ್ರಿಗೆ ಹೇಳಿ."

ಒಳಗಿನಿಂದ ಅವನ ಹೆಂಡತಿ ಕಾಫಿ ತಂದಿಟ್ಟಳು. ನಾನು ಕುಡಿದೆ. ಅವನು ಬಸ್ಸಿನವರೆಗೂ ಬಂದು ಬಿಟ್ಟು ಹೋದ.

ಅದಾಗಿ ಎರಡು ತಿಂಗಳು. ನಿನ್ನೆ ಗೌರಿ ಹಬ್ಬದ ಗಂಟು ಬಂತು. ಈ ವರ್ಷವೂ ಕಳಿಸಿದ್ದಾನೆ. ನಾನೇ ಬಸ್‌ಸ್ಟ್ಯಾಂಡಿನಿಂದ ತಂದು ಜಗಲಿಯ ಬೆಂಚಿನ ಮೇಲಿಟ್ಟೆ. ಇವಳು ಬಾಗಿಲಲ್ಲೇ ನಿಂತು ನೋಡಿದಳು.

"ಇನ್ನೂ ನಾಚ್ಕೆ ಇಲ್ವಲ್ಲ ಅವನಿಗೆ. ನಾಳೆ ಬೆಳಗಿನ ಬಸ್ಸಿಗೆ ಕೊಟ್ಟು ಬನ್ನಿ."

ಬೆಳಗಿನ ಬಸ್ಸು ಹೋಗಿ ಅರ್ಧ ಗಂಟೆಯಾಯಿತು. ಗಂಟು ಬೆಂಚಿನ ಮೇಲೆಯೇ ಇದೆ. ನಾನು ಅದರ ಪಕ್ಕ ಕೂತು ಬರೆಯುತ್ತಿದ್ದೇನೆ. "ಬಸ್ಸು ತಪ್ಪಿಸ್ಕಂಡ್ರಾ? ಎಂಥ ಬರೀತಿದೀರಿ ಅಷ್ಟ್ ಹೊತ್ತಿಂದ?" ಎಂದು ಅಡುಗೆಮನೆಯಿಂದ ಎರಡು ಸಲ ಕೇಳಿದಳು.

ಅವತ್ತು ದೇವಿಯ ಎದುರಿಗೆ ಇದ್ದವರಲ್ಲಿ ಯಜಮಾನರಿಲ್ಲ, ಡಾಕ್ಟರಿಲ್ಲ. ಗೊತ್ತಿಲ್ಲದವರು ಒಬ್ಬರೇ ಉಳಿದಿದ್ದಾರೆ. ನನ್ನ ಮಾತು ನಂಬಿ ಅಣ್ಣನನ್ನು ಬಿಟ್ಟವಳು, ತಾಯಿಯ ಸಾವಿನ ದಿನ ಜಗಲಿಯಲ್ಲಿ ಕೂತವಳು, ಆ ಟ್ಯೂಬನ್ನು ಒಲೆಗೆ ಹಾಕಿದವಳು. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳ ಹತ್ತಿರ. ಅವಳು ನನ್ನ ಹೆಂಡತಿ.